ಮಾತು ಕೇಳದ ನಾಯಕರು

ನಾಯಿಯ ಸಿನಿಮಾಕ್ಕೆ ಕಥೆ ಹುಡುಕಬೇಕಾಗಿಲ್ಲ. ನಾಯಿ ಕಾಯುತ್ತದೆ, ಹುಡುಕಿಕೊಂಡು ಬರುತ್ತದೆ, ಮನೆಯವರಿಗೋಸ್ಕರ ಜೀವ ಒತ್ತೆ ಇಡುತ್ತದೆ. ನೋಡುವವರ ಕಣ್ಣಲ್ಲಿ ನೀರು ಬರಿಸೋಕೆ ಅಷ್ಟು ಸಾಕು. ಬೆಕ್ಕಿನ ವಿಷಯ ಬೇರೆ. ಕರೆದರೆ ಒಂದು ಕಿವಿ ಮಾತ್ರ ನಮ್ಮ ಕಡೆ ತಿರುಗುತ್ತದೆ, ಮೈ ಅಲ್ಲೇ ಇರುತ್ತದೆ. ಬಾಗಿಲು ತೆಗೆ ಅಂತ ಕೂಗುತ್ತದೆ, ತೆಗೆದರೆ ಹೊಸ್ತಿಲ ಮೇಲೆ ಕೂತು ಯೋಚನೆ ಮಾಡುತ್ತದೆ. ಇಂಥ ಪ್ರಾಣಿಯನ್ನು ನಾಯಕನ ಜಾಗದಲ್ಲಿ ಕೂರಿಸಿ, ಅಜ್ಜಿಯಿಂದ ಹಿಡಿದು ಪುಟ್ಟ ಮಗುವಿನ ತನಕ ಎಲ್ಲರೂ ಒಟ್ಟಿಗೆ ನೋಡುವಂಥ ಸಿನಿಮಾ ಮಾಡೋದು ಸಣ್ಣ ಕೆಲಸ ಅಲ್ಲ.

ಬೆಕ್ಕಿನ ಸಿನಿಮಾ ಅಂದರೆ ನನಗೆ ಮೊದಲಿಂದಲೂ ಪ್ರಾಣ. ಮಕ್ಕಳ ಜೊತೆ ಕೂತು ನೋಡುತ್ತೇನೆ, ಮಕ್ಕಳು ಇಲ್ಲದಾಗಲೂ ನೋಡುತ್ತೇನೆ. ನೋಡ್ತಾ ನೋಡ್ತಾ ಒಂದು ವಿಷಯ ನನ್ನೊಳಗೆ ಗಟ್ಟಿಯಾಗಿದೆ. ಬೆಕ್ಕನ್ನು ನಮ್ಮ ದಾರಿಗೆ ಎಳೆದುಕೊಂಡ ಸಿನಿಮಾಗಳು ಬೇಗ ಮರೆತುಹೋಗುತ್ತವೆ. ಬೆಕ್ಕು ಹೋದ ಕಡೆ ತಾವೇ ಹೊರಟ ಸಿನಿಮಾಗಳು ಮನಸ್ಸಲ್ಲಿ ಉಳಿಯುತ್ತವೆ.

ಈ ಎರಡು ದಾರಿ ಸಿನಿಮಾ ಅನ್ನೋದು ಹುಟ್ಟಿದಾಗಲೇ ಶುರುವಾಗಿದ್ದವು. 1894ರಲ್ಲಿ ಅಮೆರಿಕದ ಎಡಿಸನ್ ಸ್ಟುಡಿಯೋದಲ್ಲಿ ಒಂದು ಪುಟಾಣಿ ಚಿತ್ರ ತೆಗೆದರು. ಚಿಕ್ಕದೊಂದು ಬಾಕ್ಸಿಂಗ್ ಕಣ. ಅದರೊಳಗೆ ಎರಡು ಬೆಕ್ಕು, ಮುಂಗಾಲಿಗೆ ಗ್ಲೌಸು. ಹಿಂದೆ ಒಬ್ಬ ಮನುಷ್ಯ ನಿಂತು ಅವುಗಳನ್ನು ಹೊಡೆದಾಡಿಸುತ್ತಾನೆ. ಆ ಕಾಲದಲ್ಲಿ ಜನ ರಂಗದ ಮೇಲೆ ನೋಡಿ ನಗುತ್ತಿದ್ದ ಆಟವನ್ನೇ ಕ್ಯಾಮೆರಾ ಮುಂದೆ ಆಡಿಸಿದ್ದು. ಕೆಲವೇ ಸೆಕೆಂಡಿನ ಚಿತ್ರವಾದರೂ ನನಗೆ ನೋಡೋಕೆ ಹಿಂಸೆಯಾಗುತ್ತದೆ.

ಅದಾಗಿ ಒಂಬತ್ತು ವರ್ಷಕ್ಕೆ, 1903ರಲ್ಲಿ, ಇಂಗ್ಲೆಂಡಿನ ಜಾರ್ಜ್ ಆಲ್ಬರ್ಟ್ ಸ್ಮಿತ್ 'ದಿ ಸಿಕ್ ಕಿಟನ್' ಅನ್ನೋ ಚಿತ್ರ ಮಾಡಿದರು. ಇಬ್ಬರು ಮಕ್ಕಳು ದೊಡ್ಡವರ ಹಾಗೆ ಆಟ ಆಡುತ್ತಿದ್ದಾರೆ. ಹುಡುಗಿಯ ಮಡಿಲಲ್ಲಿ 'ಹುಷಾರಿಲ್ಲದ' ಬೆಕ್ಕಿನ ಮರಿ. ಹುಡುಗ ಡಾಕ್ಟರು. ಚಮಚದಲ್ಲಿ ಔಷಧಿ ಕುಡಿಸಬೇಕು. ದೂರದಿಂದ ತೆಗೆದರೆ ಮರಿ ಕುಡೀತಾ ಇದೆಯೋ ಇಲ್ಲವೋ ಗೊತ್ತಾಗೋದಿಲ್ಲ. ಅದಕ್ಕೆ ಸ್ಮಿತ್ ಕ್ಯಾಮೆರಾವನ್ನೇ ಮರಿಯ ಹತ್ತಿರ ತಂದರು. ಪರದೆಯ ತುಂಬ ಮರಿಯ ಮುಖ, ಚಮಚ, ಸಣ್ಣ ನಾಲಿಗೆ. ಕುಡಿದು ಮುಗಿದ ಮೇಲೆ ಮತ್ತೆ ಹಳೆಯ ಜಾಗಕ್ಕೆ. ಒಂದು ದೃಶ್ಯದ ನಡುವೆ ಹೀಗೆ ಹತ್ತಿರದ ಶಾಟ್ ಸೇರಿಸಿದ ಮೊಟ್ಟಮೊದಲ ಚಿತ್ರಗಳಲ್ಲಿ ಇದೂ ಒಂದು. ಇವತ್ತು ನಾವು ಕ್ಲೋಸಪ್ ಅಂತ ಕರೆಯುವ ಆ ದೊಡ್ಡ ವಿದ್ಯೆಗೆ ಒಂದು ಬೆಕ್ಕಿನ ಮರಿಯೂ ಕಾರಣ ಅಂತ ನೆನೆದರೆ ನನಗೆ ಈಗಲೂ ಖುಷಿ. ಮರಿಯನ್ನು ಎತ್ತಿ ಕ್ಯಾಮೆರಾದ ಮೂತಿಗೆ ಹಿಡಿಯಲಿಲ್ಲ, ಕ್ಯಾಮೆರಾ ಮರಿಯ ಹತ್ತಿರ ಹೋಯಿತು. ನಾನು ಇಷ್ಟಪಡುವ ಎಲ್ಲ ಬೆಕ್ಕಿನ ಸಿನಿಮಾಗಳಲ್ಲೂ ಯಾವುದೋ ಒಂದು ರೀತಿಯಲ್ಲಿ ಇದೇ ನಡೆಯುತ್ತದೆ.

ಡಿಸ್ನಿಯವರ 'ದಟ್ ಡಾರ್ನ್ ಕ್ಯಾಟ್' ತೆಗೆದುಕೊಳ್ಳಿ. 1965ರ ಸಿನಿಮಾ. ಡಿ.ಸಿ. ಅನ್ನುವ ಸಯಾಮೀಸ್ ಬೆಕ್ಕು ರಾತ್ರಿಯೆಲ್ಲ ಊರು ಸುತ್ತುತ್ತದೆ. ಬ್ಯಾಂಕ್ ದರೋಡೆ ಮಾಡಿದವರು ಒಬ್ಬ ಹೆಂಗಸನ್ನು ಕೂಡಿಹಾಕಿದ್ದಾರೆ. ಬೆಕ್ಕು ಅಲ್ಲಿಗೂ ಹೋಗುತ್ತದೆ. ಆಕೆ ತನ್ನ ಕೈಗಡಿಯಾರವನ್ನೇ ಅದರ ಕುತ್ತಿಗೆಗೆ ಹಾಕಿ ಕಳಿಸುತ್ತಾಳೆ. ಈಗ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಇರುವ ಒಂದೇ ಸುಳಿವು ಈ ಬೆಕ್ಕು. ಮೀಸೆ ಕುಯ್ದರೂ ಅದು ಬಾಯಿ ಬಿಡೋದಿಲ್ಲ. ಹಾಗಾಗಿ ಅದು ಮತ್ತೆ ಹೊರಟಾಗ ಹಿಂದೆ ಹೋಗೋದೊಂದೇ ದಾರಿ. ಆ ಕೆಲಸಕ್ಕೆ ಬಂದ ಅಧಿಕಾರಿಗೆ ಬೆಕ್ಕಿನ ಕೂದಲು ಆಗೋದಿಲ್ಲ, ಸೀನು ಬರುತ್ತದೆ. ಅಷ್ಟೆಲ್ಲ ತರಬೇತಿ ಪಡೆದ ದೊಡ್ಡವರು ಬೇಲಿ ಹಾರಿ, ಪೊದೆಯಲ್ಲಿ ತೂರಿ, ಒಂದು ಬೆಕ್ಕಿನ ಹಿಂದೆ ಓಡಾಡುವುದನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗುವಿನ ಮೂಲ ಎಲ್ಲಿದೆ ನೋಡಿ. ಬೆಕ್ಕು ಕೋತಿಚೇಷ್ಟೆ ಏನೂ ಮಾಡುವುದಿಲ್ಲ. ಅದು ತನ್ನ ಪಾಡಿಗೆ ಬೆಕ್ಕಾಗಿರುತ್ತದೆ, ಅಷ್ಟೇ.

ಆ ಕಾಲದಲ್ಲಿ ಕಂಪ್ಯೂಟರ್ ಬೆಕ್ಕು ಇರಲಿಲ್ಲ. ಎಲ್ಲವನ್ನೂ ನಿಜವಾದ ಬೆಕ್ಕಿನಿಂದಲೇ ಮಾಡಿಸಬೇಕಿತ್ತು. ಬೆಕ್ಕಿಗೆ ತರಬೇತಿ ಕೊಡುವವರ ವಿಧಾನ ಸರಳ. ಒಂದು ಸಣ್ಣ ಸದ್ದು, ಅದರ ಹಿಂದೆಯೇ ಇಷ್ಟದ ತಿನಿಸು. ಸದ್ದು ಬಂದ ಕಡೆ ಹೋದರೆ ಏನೋ ಸಿಗುತ್ತದೆ ಅಂತ ಬೆಕ್ಕಿಗೆ ಗೊತ್ತಾಗಬೇಕು. ಬೈದು ಕಲಿಸೋಕೆ ಆಗೋದಿಲ್ಲ. ಬೈದರೆ ಬೆಕ್ಕು ಬೈದವರನ್ನೇ ಬಿಟ್ಟುಹೋಗುತ್ತದೆ. ಒಂದೇ ಪಾತ್ರಕ್ಕೆ ಒಂದೇ ಥರ ಕಾಣುವ ಹಲವು ಬೆಕ್ಕುಗಳನ್ನು ಇಟ್ಟುಕೊಳ್ಳುವುದೂ ಇದಕ್ಕೇ. ಒಂದಕ್ಕೆ ಓಡೋದು ಇಷ್ಟ, ಇನ್ನೊಂದಕ್ಕೆ ಸುಮ್ನೆ ಮಡಿಲಲ್ಲಿ ಕೂರೋದು ಇಷ್ಟ. ಹಾಲಿವುಡ್‌ನಲ್ಲಿ ಆರೆಂಜಿ ಅನ್ನುವ ಕಿತ್ತಳೆ ಬಣ್ಣದ ಬೆಕ್ಕು ತುಂಬ ಹೆಸರು ಮಾಡಿತ್ತು. 1951ರ 'ರೂಬಾರ್ಬ್' ಸಿನಿಮಾದಲ್ಲಿ ಅದು ಒಂದು ಬೇಸ್‌ಬಾಲ್ ತಂಡದ ಒಡೆಯ! ಪ್ರಾಣಿ ನಟರಿಗೆ ಕೊಡುತ್ತಿದ್ದ ಪ್ಯಾಟ್ಸಿ ಪ್ರಶಸ್ತಿ ಅದಕ್ಕೆ ಎರಡು ಸಲ ಬಂತು. ಅದನ್ನು ಪಳಗಿಸಿದವರು ಫ್ರಾಂಕ್ ಇನ್. ಪರದೆಯ ಮೇಲೆ ಒಂದು ಬೆಕ್ಕು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದುಹೋದರೆ, ಅದರ ಹಿಂದೆ ಯಾರದೋ ಎಷ್ಟೋ ದಿನದ ತಾಳ್ಮೆ ಇರುತ್ತದೆ.

ತಾಳ್ಮೆ ಇಲ್ಲದ ಕಡೆ ಏನಾಗುತ್ತದೆ ಅನ್ನೋ ಪ್ರಶ್ನೆಯನ್ನೂ ಕೇಳಲೇಬೇಕು. 1986ರಲ್ಲಿ ಜಪಾನಿನಲ್ಲಿ ಬಂದು, ಆಮೇಲೆ 'ದಿ ಅಡ್ವೆಂಚರ್ಸ್ ಆಫ್ ಮೈಲೋ ಅಂಡ್ ಓಟಿಸ್' ಅಂತ ಇಂಗ್ಲಿಷಿಗೆ ಹೋದ ಸಿನಿಮಾ ಇದೆ. ಒಂದು ಬೆಕ್ಕಿನ ಮರಿ ಮತ್ತು ಒಂದು ನಾಯಿಮರಿಯ ಸ್ನೇಹದ ಕಥೆ. ಮನುಷ್ಯರೇ ಇಲ್ಲ. ತುಂಬ ಮನೆಗಳಲ್ಲಿ ಅದನ್ನು ಈಗಲೂ ಪ್ರೀತಿಯಿಂದ ನೋಡುತ್ತಾರೆ. ಆದರೆ ಚಿತ್ರೀಕರಣದಲ್ಲಿ ಪ್ರಾಣಿಗಳಿಗೆ ಹಿಂಸೆ ಆಗಿದೆ ಅನ್ನೋ ಆರೋಪ ಆಗಲೇ ಎದ್ದಿತ್ತು. ಅದು ಸಾಬೀತಾಗಲಿಲ್ಲ. ಆದರೂ ಬೆಕ್ಕು ಎತ್ತರದ ಬಂಡೆಯಿಂದ ಸಮುದ್ರಕ್ಕೆ ಬೀಳುವ ದೃಶ್ಯ ನೋಡಿದಾಗ ನನಗೆ ಕಥೆ ಕಾಣಿಸುವುದಿಲ್ಲ. ನೀರಲ್ಲಿ ಒದ್ದಾಡುತ್ತಿರುವ ಒಂದು ನಿಜವಾದ ಪ್ರಾಣಿ ಮಾತ್ರ ಕಾಣಿಸುತ್ತದೆ. ನಾನು ಅದನ್ನು ಮಕ್ಕಳಿಗೆ ಹಾಕುವುದಿಲ್ಲ. ಮನೆಮಂದಿಯ ಸಿನಿಮಾ ಅನ್ನಿಸಿಕೊಳ್ಳೋಕೆ ಪರದೆಯ ಮೇಲೆ ಕೆಟ್ಟ ಮಾತು, ರಕ್ತ ಇಲ್ಲದಿದ್ದರೆ ಸಾಲದು. ಪರದೆಯ ಹಿಂದೆಯೂ ಯಾರಿಗೂ ನೋವಾಗಿರಬಾರದು. ಅಮೆರಿಕದಲ್ಲಿ ಚಿತ್ರೀಕರಣದ ಜಾಗಕ್ಕೆ ಹೋಗಿ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸ ಶುರುವಾದದ್ದು 1940ರಲ್ಲಿ. 'ಜೆಸ್ಸಿ ಜೇಮ್ಸ್' ಸಿನಿಮಾದ ಒಂದು ದೃಶ್ಯಕ್ಕಾಗಿ ಕುದುರೆಯೊಂದು ಸತ್ತದ್ದಕ್ಕೆ ಜನ ಸಿಟ್ಟಾಗಿದ್ದರು. ಆಮೇಲೆ ಈ ವ್ಯವಸ್ಥೆ ಬಂತು. ಸಿನಿಮಾ ಮುಗಿದ ಮೇಲೆ ಬರುವ 'ಯಾವ ಪ್ರಾಣಿಗೂ ಹಾನಿಯಾಗಿಲ್ಲ' ಅನ್ನುವ ಸಾಲಿನ ಹಿಂದೆ ಇಷ್ಟು ಉದ್ದದ ಕಥೆ ಇದೆ.

ಬೆಕ್ಕು ಮಾತಾಡಬೇಕೋ ಬೇಡವೋ ಅನ್ನೋದು ಇನ್ನೊಂದು ದೊಡ್ಡ ವಿಷಯ. ಇದಕ್ಕೆ ಒಂದೇ ಕಥೆಯ ಎರಡು ಸಿನಿಮಾ ಪಕ್ಕಪಕ್ಕ ಇಟ್ಟು ನೋಡಬಹುದು. ಶೀಲಾ ಬರ್ನ್‌ಫರ್ಡ್ ಬರೆದ ಕಾದಂಬರಿಯಲ್ಲಿ ಎರಡು ನಾಯಿ, ಒಂದು ಸಯಾಮೀಸ್ ಬೆಕ್ಕು ಕೆನಡಾದ ಕಾಡು ದಾಟಿ ಮನೆಗೆ ಬರುತ್ತವೆ. ಡಿಸ್ನಿ ಅದನ್ನು 1963ರಲ್ಲಿ 'ದಿ ಇನ್‌ಕ್ರೆಡಿಬಲ್ ಜರ್ನಿ' ಅಂತ ಮಾಡಿತು. ಪ್ರಾಣಿಗಳು ಮಾತಾಡುವುದಿಲ್ಲ, ಹಿನ್ನೆಲೆಯಲ್ಲಿ ಒಬ್ಬರು ಕಥೆ ಹೇಳುತ್ತಾರೆ. 1993ರಲ್ಲಿ 'ಹೋಮ್‌ವರ್ಡ್ ಬೌಂಡ್' ಆಗಿ ಮತ್ತೆ ಬಂದಾಗ ಬೆಕ್ಕು ಹಿಮಾಲಯನ್ ತಳಿಯದಾಯಿತು, ಹೆಸರು ಸ್ಯಾಸಿ. ಸ್ಯಾಲಿ ಫೀಲ್ಡ್ ದನಿಯಲ್ಲಿ ಪಟಪಟ ಮಾತಾಡುತ್ತದೆ. ಎರಡರಲ್ಲೂ ಬೆಕ್ಕು ನದಿಯಲ್ಲಿ ಕೊಚ್ಚಿಹೋಗುತ್ತದೆ. ಸಣ್ಣ ಮಕ್ಕಳಿಗೆ 1993ರದ್ದೇ ಇಷ್ಟವಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಮಾತು ಭಯವನ್ನು ಕಮ್ಮಿ ಮಾಡುತ್ತದೆ. ಆದರೆ ಹಳೆಯದರಲ್ಲಿ ಬೆಕ್ಕು ನೀರಿಗೆ ಬಿದ್ದಾಗ ಅದರ ಮನಸ್ಸಲ್ಲಿ ಏನಿದೆ ಅಂತ ಯಾರೂ ಹೇಳಿಕೊಡುವುದಿಲ್ಲ. ನೋಡುವವರೇ ಊಹಿಸಬೇಕು. ಪಕ್ಕದಲ್ಲಿ ಕೂತ ಮಗು ಆ ಊಹೆಯನ್ನು ಜೋರಾಗಿ ಹೇಳೋಕೆ ಶುರುಮಾಡುತ್ತದೆ. 'ಅದಕ್ಕೆ ಚಳಿ ಆಗ್ತಿದೆ', 'ಅದು ನಾಯೀನ ಹುಡುಕ್ತಿದೆ'. ನನಗೆ ಆ ಮಾತು ಕೇಳೋದು ಸಿನಿಮಾದಷ್ಟೇ ಇಷ್ಟ.

'ದಿ ಅರಿಸ್ಟೋಕ್ಯಾಟ್ಸ್' (1970) ಪೂರ್ತಿ ಮಾತಾಡುವ ಬೆಕ್ಕುಗಳ ಲೋಕ. 1910ರ ಪ್ಯಾರಿಸ್. ಶ್ರೀಮಂತ ಒಡತಿ ಆಸ್ತಿಯನ್ನೆಲ್ಲ ಬೆಕ್ಕುಗಳಿಗೆ ಬರೆಯುತ್ತಾಳೆ, ಮನೆಯ ಬಟ್ಲರ್ ಅವುಗಳನ್ನು ಸಾಗಹಾಕುತ್ತಾನೆ. ತಾಯಿ ಬೆಕ್ಕು ಡಚೆಸ್ ಮತ್ತು ಅವಳ ಗೆಳೆಯ ಓಮ್ಯಾಲಿ ನನ್ನ ಕಣ್ಣಿಗೆ ಬೆಕ್ಕಿನ ವೇಷದ ಗಂಡು ಹೆಣ್ಣು. ಆದರೆ ಆ ಮೂರು ಮರಿಗಳಿವೆಯಲ್ಲ, ಅವು ಅಪ್ಪಟ ಬೆಕ್ಕಿನ ಮರಿಗಳು. ಬಾಗಿಲಲ್ಲಿ ನುಗ್ಗೋಕೆ ಜಗಳ, ಒಂದರ ಬಾಲ ಇನ್ನೊಂದು ಎಳೆಯೋದು, ಪಿಯಾನೋ ಮೇಲೆ ಪುಟ್ಟ ಕಾಲು ಊರಿ ಓಡಾಡೋದು. ಚಿತ್ರ ಬರೆದವರು ನಿಜವಾದ ಮರಿಗಳನ್ನು ಗಂಟೆಗಟ್ಟಲೆ ನೋಡಿರದೆ ಇದು ಸಾಧ್ಯವೇ ಇಲ್ಲ ಅನ್ನಿಸುತ್ತದೆ. ಇದೇ ಸಿನಿಮಾದಲ್ಲಿ ಏಷ್ಯಾದ ಜನರನ್ನು ಹೀಯಾಳಿಸುವ ಹಾಗೆ ಬರೆದ ಒಂದು ಸಯಾಮೀಸ್ ಬೆಕ್ಕೂ ಇದೆ. ಡಿಸ್ನಿಯವರೇ ಆಮೇಲೆ ತಮ್ಮ ಆ್ಯಪ್‌ನಲ್ಲಿ ಈ ಸಿನಿಮಾಕ್ಕೆ ಎಚ್ಚರಿಕೆಯ ಸಾಲು ಹಾಕಿದರು. ಮಕ್ಕಳ ಜೊತೆ ನೋಡುವಾಗ ಅಲ್ಲಿ ನಿಲ್ಲಿಸಿ ಎರಡು ಮಾತು ಆಡೋದು ಒಳ್ಳೇದು. ಜೊತೆಗೆ ಇನ್ನೊಂದು ವಿಷಯವನ್ನೂ ಹೇಳಿಬಿಡಿ. ಸಿನಿಮಾದ ಬೆಕ್ಕುಗಳು ಬಟ್ಟಲುಗಟ್ಟಲೆ ಹಾಲು ಕುಡಿಯುತ್ತವೆ. ನಿಜದಲ್ಲಿ ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ನೀರು ಸಾಕು.

ಮಾತಾಡುವ ಬೆಕ್ಕು ಅಂದಾಗ ನನ್ನ ಮನಸ್ಸು ಹೋಗಿ ನಿಲ್ಲುವುದು ಜೀಜೀ ಹತ್ತಿರ. ಜಪಾನಿನ ನಿರ್ದೇಶಕ ಹಯಾವೊ ಮಿಯಾಝಾಕಿಯವರ 'ಕೀಕೀಸ್ ಡೆಲಿವರಿ ಸರ್ವಿಸ್' (1989) ಸಿನಿಮಾದ ಕಪ್ಪು ಬೆಕ್ಕು. ಕೀಕೀ ಹದಿಮೂರರ ಹುಡುಗಿ, ಮಾಟಗಾತಿಯರ ಮನೆಯವಳು. ಆ ವಯಸ್ಸಿಗೆ ಮನೆ ಬಿಟ್ಟು ಬೇರೆ ಊರಲ್ಲಿ ಒಂದು ವರ್ಷ ಸ್ವಂತವಾಗಿ ಬದುಕಬೇಕು ಅನ್ನೋದು ಅವರ ಪದ್ಧತಿ. ಪೊರಕೆ ಏರಿ ಹಾರಿಬರುವಾಗ ಜೊತೆಗೆ ಜೀಜೀ. ಅದರ ಮಾತು ಅವಳಿಗೆ ಅರ್ಥವಾಗುತ್ತದೆ. ಹೊಸ ಊರು, ಗುರುತಿಲ್ಲದ ಜನ, ಅದರ ನಡುವೆ ಮನೆಯ ಕಡೆಯದು ಅಂತ ಇರುವುದು ಆ ಬೆಕ್ಕು ಒಂದೇ.

ಒಂದು ದೃಶ್ಯ ನನಗೆ ತುಂಬ ಇಷ್ಟ. ಕೀಕೀ ಒಂದು ಮನೆಗೆ ತಲುಪಿಸಬೇಕಾಗಿದ್ದ ಕಪ್ಪು ಬೆಕ್ಕಿನ ಬೊಂಬೆ ದಾರಿಯಲ್ಲಿ ಬಿದ್ದುಹೋಗಿದೆ. ಅದು ಸಿಗುವ ತನಕ ಜೀಜೀ ಬೊಂಬೆಯ ಹಾಗೆ ಪಂಜರದಲ್ಲಿ ಕೂರಬೇಕು. ಕಣ್ಣು ಮಿಟುಕಿಸುವ ಹಾಗಿಲ್ಲ. ಮನೆಯ ಹುಡುಗ ಹೇಗೆಂದರೆ ಹಾಗೆ ಎಳೆದಾಡುತ್ತಾನೆ. ಜೀಜೀಯ ಮೈಯೆಲ್ಲ ಬಿಗಿ. ಆಗ ಆ ಮನೆಯ ದೊಡ್ಡ ಮುದಿ ನಾಯಿ ನಿಧಾನವಾಗಿ ಎದ್ದು ಬರುತ್ತದೆ. ಈಗ ಮುಗೀತು ಅಂತ ನಾವೂ ಅಂದುಕೊಳ್ಳುತ್ತೇವೆ. ನಾಯಿ ಬಂದು ಜೀಜೀಯನ್ನು ತನ್ನ ಮೈಯ ಆಸರೆಗೆ ತೆಗೆದುಕೊಂಡು ಮಲಗುತ್ತದೆ. ಆಮೇಲೆ ಹೊರಗೆ ಹೋಗೋಕೂ ಅದೇ ಸಹಾಯ ಮಾಡುತ್ತದೆ. ಒಂದು ಮಾತಿಲ್ಲ. ನಾಯಿ ಬೆಕ್ಕು ಅಂದರೆ ಹಾವು ಮುಂಗುಸಿ ಅಂತ ನಂಬಿದ ಮಕ್ಕಳು ಇದನ್ನು ಬಾಯಿ ತೆರೆದು ನೋಡುತ್ತಾರೆ.

ಮುಂದೆ ಕೀಕೀಗೆ ಸುಸ್ತು ಹತ್ತುತ್ತದೆ, ತನ್ನ ಮೇಲೆ ನಂಬಿಕೆ ಹೋಗುತ್ತದೆ. ಹಾರೋದಕ್ಕೆ ಆಗೋದಿಲ್ಲ. ಅದಕ್ಕಿಂತ ಕಷ್ಟದ್ದು ಇನ್ನೊಂದು. ಜೀಜೀ ಬಾಯಿ ತೆರೆದರೆ ಬರೀ ಮಿಯಾಂವ್. ಅವಳಿಗೆ ಅರ್ಥವಾಗುವುದಿಲ್ಲ. ಜೀಜೀಗೂ ಪಕ್ಕದ ಮನೆಯ ಬಿಳಿ ಬೆಕ್ಕಿನ ಗೆಳೆತನ ಆಗಿದೆ. ಕೊನೆಗೆ ಕೀಕೀ ಮತ್ತೆ ಹಾರುತ್ತಾಳೆ. ಆದರೆ ಜಪಾನಿ ಮೂಲದಲ್ಲಿ ಜೀಜೀ ಮತ್ತೆ ಮಾತಾಡುವುದಿಲ್ಲ. ಬಂದು ಅವಳ ಹೆಗಲೇರುತ್ತದೆ, ಮಿಯಾಂವ್ ಅನ್ನುತ್ತದೆ, ಅವಳು ನಗುತ್ತಾಳೆ. 1998ರಲ್ಲಿ ಡಿಸ್ನಿ ಇಂಗ್ಲಿಷ್ ಡಬ್ಬಿಂಗ್ ಮಾಡಿದಾಗ ಕೊನೆಯಲ್ಲಿ ಜೀಜೀ ಮತ್ತೆ ಮಾತಾಡುವ ಹಾಗೆ ಒಂದು ಸಾಲು ಸೇರಿಸಿತ್ತು. ಮುಂದಿನ ಬಿಡುಗಡೆಯಲ್ಲಿ ಅದನ್ನು ತೆಗೆದರು. ತೆಗೆದದ್ದೇ ಸರಿ. ಸಾಲು ಸೇರಿಸಿದವರ ಮನಸ್ಸು ನನಗೆ ಅರ್ಥವಾಗುತ್ತದೆ, ಮಕ್ಕಳಿಗೆ ಬೇಜಾರಾಗಬಾರದು ಅಂತ ಹಾಗೆ ಮಾಡಿದ್ದಾರೆ. ಆದರೆ ಬೆಕ್ಕು ಮಾತು ನಿಲ್ಲಿಸಿದರೂ ಪ್ರೀತಿ ನಿಂತಿಲ್ಲ ಅನ್ನೋದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ನನ್ನ ಅಕ್ಕನ ಮಗಳು ಅದನ್ನು ನೋಡಿದ ಮೇಲೆ ಅತ್ತಳು. ಅತ್ತು ಮುಗಿದ ಮೇಲೆ, 'ಅದಕ್ಕೀಗ ಮರಿಗಳಿವೆ ಅಲ್ವಾ, ಬಿಡುವಿಲ್ಲ' ಅಂದಳು. ಅವಳು ಅದನ್ನು ಹಾಗೆ ಅರ್ಥ ಮಾಡಿಕೊಂಡಿದ್ದಳು. ನಾನು ಏನನ್ನೂ ಸೇರಿಸಲಿಲ್ಲ.

ಕೀಕೀಯನ್ನು ಮಾಡಿದ ಘಿಬ್ಲಿ ಸ್ಟುಡಿಯೋದ್ದೇ ಆದ 'ವಿಸ್ಪರ್ ಆಫ್ ದಿ ಹಾರ್ಟ್' (1995) ಸಿನಿಮಾದಲ್ಲಿ ಒಂದು ದಪ್ಪ ಬೆಕ್ಕು ಒಂಟಿಯಾಗಿ ರೈಲು ಹತ್ತುತ್ತದೆ. ಶಿಝುಕು ಅನ್ನುವ ಹುಡುಗಿಯ ಪಕ್ಕ ಕೂತು, ತನಗೆ ಬೇಕಾದ ಸ್ಟೇಷನ್ ಬಂದಾಗ ಇಳಿಯುತ್ತದೆ. ಅವಳೂ ಇಳಿದು ಹಿಂದೆ ಹೋಗುತ್ತಾಳೆ. ಬೆಟ್ಟದ ದಾರಿ, ಮೆಟ್ಟಿಲು, ಸಂದುಗೊಂದು. ಕೊನೆಗೆ ಒಂದು ಹಳೇ ಸಾಮಾನಿನ ಅಂಗಡಿ. ಅವಳ ಬದುಕಿಗೆ ತಿರುವು ಸಿಗುವುದು ಅಲ್ಲಿ. ಆ ಬೆಕ್ಕನ್ನು ಒಬ್ಬರು ಮೂನ್ ಅಂತಾರೆ, ಇನ್ನೊಬ್ಬರು ಮೂಟಾ ಅಂತಾರೆ. ಅದು ಯಾವುದಕ್ಕೂ ಓಗೊಡುವುದಿಲ್ಲ. ಬೆಕ್ಕುಗಳಿಗೆ ತಮ್ಮ ಹೆಸರು ಬೇರೆ ಪದಗಳ ನಡುವೆಯೂ ಗೊತ್ತಾಗುತ್ತದೆ ಅಂತ ಜಪಾನಿನ ಸಂಶೋಧಕರೇ 2019ರಲ್ಲಿ ತೋರಿಸಿದ್ದಾರೆ. ಹೆಸರು ಗೊತ್ತಿರೋದು ಬೇರೆ, ಬರೋದು ಬೇರೆ! ನಿರ್ದೇಶಕ ಯೋಶಿಫುಮಿ ಕೊಂಡೊ 1998ರಲ್ಲಿ ತೀರಿಕೊಂಡರು. ಅವರು ನಿರ್ದೇಶಿಸಿದ ಪೂರ್ಣ ಸಿನಿಮಾ ಇದೊಂದೇ. ಮೂಟಾ ಮತ್ತೆ ಬರುವ 'ದಿ ಕ್ಯಾಟ್ ರಿಟರ್ನ್ಸ್' (2002) ಹಗುರವಾದ ಸಿನಿಮಾ. ಲಾರಿಗೆ ಸಿಕ್ಕಿಬೀಳಲಿದ್ದ ಬೆಕ್ಕನ್ನು ಉಳಿಸಿದ ಹುಡುಗಿಗೆ ಬೆಕ್ಕುಗಳ ರಾಜ ತನ್ನ ಮಗನ ಜೊತೆ ಮದುವೆ ಮಾಡಿಸೋಕೆ ಹೊರಡುತ್ತಾನೆ. ಒಂದು ಗಂಟೆ ಚಿಲ್ಲರೆ ಅಷ್ಟೇ, ಸಣ್ಣ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ.

ಮನೆಮಂದಿಯ ಸಿನಿಮಾ ಅಂದ ಕೂಡಲೇ ಸಾವು, ಭಯ, ದುಃಖ ಇರಬಾರದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೆಕ್ಕು ಸಾಕಿದ ಮನೆಯ ಮಕ್ಕಳು ಒಂದಲ್ಲ ಒಂದು ದಿನ ಸಾವನ್ನು ಮೊದಲು ನೋಡುವುದು ಆ ಬೆಕ್ಕಿನ ಮೂಲಕವೇ. ಅದನ್ನು ಮುಚ್ಚಿಡದೆ ಹೇಳಿದ ಸಿನಿಮಾ ನನಗೆ ದೊಡ್ಡದು.

1963ರ 'ದಿ ತ್ರೀ ಲೈವ್ಸ್ ಆಫ್ ಥಾಮಸಿನಾ' ಹಾಗಿದೆ. 1912ರ ಸ್ಕಾಟ್ಲೆಂಡ್. ಮೇರಿ ಅನ್ನುವ ಪುಟ್ಟ ಹುಡುಗಿ, ಅವಳ ಬೆಕ್ಕು ಥಾಮಸಿನಾ. ಅಪ್ಪ ಪಶುವೈದ್ಯ, ಹೆಂಡತಿ ತೀರಿಕೊಂಡ ಮೇಲೆ ಮನಸ್ಸು ಕಲ್ಲು ಮಾಡಿಕೊಂಡವನು. ಬೆಕ್ಕಿಗೆ ಕಾಯಿಲೆ ಬಂದ ದಿನವೇ ಒಬ್ಬ ಕುರುಡನಿಗೆ ದಾರಿ ತೋರುವ ನಾಯಿಯ ಜೀವ ಉಳಿಸುವ ಕೆಲಸ ಅವನ ಕೈಯಲ್ಲಿದೆ. ಬೆಕ್ಕಿಗೆ ದಯಾಮರಣ ಕೊಡಿ ಅಂದುಬಿಡುತ್ತಾನೆ. ಮೇರಿಗೆ ಅಪ್ಪ ಅಂದರೆ ಅವತ್ತಿಗೆ ಸತ್ತ ಹಾಗೆ, ಮಾತೇ ಬಿಡುತ್ತಾಳೆ. ಊರಿನ ಮಕ್ಕಳೆಲ್ಲ ಸೇರಿ ಬೆಕ್ಕಿಗೆ ಮೆರವಣಿಗೆ ಮಾಡಿ ಮಣ್ಣು ಮಾಡೋಕೆ ಹೋಗುತ್ತಾರೆ. ಆಮೇಲೆ ಕಥೆ ಬೇರೆ ದಿಕ್ಕಿಗೆ ತಿರುಗುತ್ತದೆ, ಕಾಡಿನಲ್ಲಿ ಒಂಟಿಯಾಗಿರುವ ಹೆಂಗಸೊಬ್ಬಳು ಬರುತ್ತಾಳೆ. ಅದನ್ನು ನೀವೇ ನೋಡಿ. ಅಪ್ಪ ಕೆಟ್ಟವನಲ್ಲ, ಮಗಳೂ ಹಟಮಾರಿಯಲ್ಲ. ಇಬ್ಬರಿಗೂ ನೋವಿದೆ, ಇಬ್ಬರಿಗೂ ಹೇಳೋಕೆ ಬರುವುದಿಲ್ಲ. ಬೆಕ್ಕು ನಡುವೆ ಇದ್ದಾಗ ಅದು ಗೊತ್ತಾಗಿರಲಿಲ್ಲ, ಹೋದಾಗ ಗೊತ್ತಾಯಿತು.

ಸುಮಾರು ಅರವತ್ತು ವರ್ಷ ಕಳೆದು ಬಂದ 'ಪುಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್' (2022) ಇದೇ ಸಾವನ್ನು ಬೇರೆ ಥರ ಹೇಳುತ್ತದೆ. ಪುಸ್ ಅನ್ನುವ ಬೆಕ್ಕು ಒಂಬತ್ತು ಜೀವದಲ್ಲಿ ಎಂಟನ್ನು ಕಳೆದುಕೊಂಡ ವೀರ. ಬೆನ್ನಟ್ಟಿ ಬರುವ ತೋಳ. ಆ ತೋಳದ ಶಿಳ್ಳೆ ಕೇಳಿದರೆ ದೊಡ್ಡವರಿಗೂ ಮೈ ಜುಮ್ಮೆನ್ನುತ್ತದೆ. ಒಂದು ಕಡೆ ಪುಸ್ ಓಡಿಹೋಗಿ ಕಾಡಿನಲ್ಲಿ ಮರಕ್ಕೆ ಒರಗಿ ಕೂರುತ್ತಾನೆ. ಉಸಿರು ಸಿಕ್ಕಿಹಾಕಿಕೊಳ್ಳುತ್ತಿದೆ, ಎದೆ ಡವಡವ. ಪುಟ್ಟ ನಾಯಿ ಪೆರಿಟೊ ಬರುತ್ತದೆ. ಏನಾಯ್ತು ಅಂತ ಪೀಡಿಸುವುದಿಲ್ಲ, ಧೈರ್ಯ ತಗೋ ಅಂತ ಭಾಷಣ ಮಾಡುವುದಿಲ್ಲ. ಅವನ ಹೊಟ್ಟೆಯ ಮೇಲೆ ತಲೆ ಇಟ್ಟು ಮಲಗುತ್ತದೆ. ಉಸಿರು ನಿಧಾನವಾಗಿ ಹದಕ್ಕೆ ಬರುತ್ತದೆ. ಭಯ ಅಂದರೆ ಮೈಯಲ್ಲಿ ಏನಾಗುತ್ತದೆ ಅಂತ ಇಷ್ಟು ಚೆನ್ನಾಗಿ ತೋರಿಸಿದ ಮಕ್ಕಳ ಸಿನಿಮಾ ನಾನು ಕಂಡಿದ್ದು ಕಮ್ಮಿ. ಟೋಪಿ, ಕತ್ತಿ, ಬೂಟು ಎಲ್ಲ ಇರುವ ಪುಸ್ ಪೂರ್ತಿ ಮನುಷ್ಯನಂಥ ಬೆಕ್ಕು. ನಾನು ಮೊದಲೇ ಹೇಳಿದ ಲೆಕ್ಕಕ್ಕೆ ಅವನು ಬರಬಾರದು. ಆದರೆ ಆ ದೃಶ್ಯದಲ್ಲಿ ಅವನು ಬಚ್ಚಿಟ್ಟುಕೊಂಡ ಒಂದು ಪ್ರಾಣಿ. ನಿಜವಾದ ಬೆಕ್ಕುಗಳೂ ನೋವಾದಾಗ ಹೀಗೇ ಮರೆಗೆ ಹೋಗಿ ಕೂರುತ್ತವೆ.

'ಎ ಕ್ಯಾಟ್ ಇನ್ ಪ್ಯಾರಿಸ್' (2010) ಬಗ್ಗೆ ಇನ್ನೂ ಜಾಸ್ತಿ ಜನ ಮಾತಾಡಬೇಕಿತ್ತು. ಕೈಯಲ್ಲಿ ಬರೆದ ಫ್ರೆಂಚ್ ಅನಿಮೇಷನ್, ನಿರ್ದೇಶಕರು ಜ್ಯಾನ್-ಲೂಪ್ ಫೆಲಿಸಿಯೊಲಿ ಮತ್ತು ಅಲ್ಯಾಂ ಗಾನ್ಯೊಲ್. ಆಸ್ಕರ್‌ಗೆ ನಾಮನಿರ್ದೇಶನ ಆಗಿತ್ತು. ಡಿನೋ ಅನ್ನುವ ಬೆಕ್ಕು ಹಗಲು ಝೊಯೆ ಅನ್ನುವ ಹುಡುಗಿಯ ಮನೆಯಲ್ಲಿ, ರಾತ್ರಿ ಒಬ್ಬ ಕಳ್ಳನ ಜೊತೆ ಮಾಳಿಗೆಗಳ ಮೇಲೆ. ಅಪ್ಪ ಕೊಲೆಯಾದ ಮೇಲೆ ಝೊಯೆ ಮಾತು ನಿಲ್ಲಿಸಿದ್ದಾಳೆ. ಅಮ್ಮ ಪೊಲೀಸ್ ಅಧಿಕಾರಿ, ಮನೆಯಲ್ಲಿ ಇರುವುದೇ ಅಪರೂಪ. ಬೆಕ್ಕು ಹಲ್ಲಿ ಹಿಡಿದು ತಂದು ಅವಳಿಗೆ ಕೊಡುತ್ತದೆ. ಅವಳು ಅವನ್ನೆಲ್ಲ ಒಂದು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಾಳೆ. ದೊಡ್ಡವರಿಗೆ ಅಸಹ್ಯ ಅನಿಸುವ ವಸ್ತು. ಅವಳಿಗೆ ಮಾತ್ರ ಅದು ಯಾರೋ ತನಗೆ ಅಂತಲೇ ತಂದುಕೊಟ್ಟ ಉಡುಗೊರೆ.

ಇನ್ನು 'ಫ್ಲೋ'. 2024ರ ಸಿನಿಮಾ, ಲಾತ್ವಿಯಾದ ಗಿಂಟ್ಸ್ ಝಿಲ್ಬಲೋಡಿಸ್ ನಿರ್ದೇಶನ. ಒಂದೇ ಒಂದು ಮಾತಿಲ್ಲ, ಒಬ್ಬ ಮನುಷ್ಯನೂ ಇಲ್ಲ. ಮನುಷ್ಯರು ಬಿಟ್ಟುಹೋದ ಮನೆ ಇದೆ, ಹಾಸಿಗೆ ಇದೆ, ಸುತ್ತ ಮರದಲ್ಲಿ ಕೆತ್ತಿದ ಬೆಕ್ಕುಗಳಿವೆ. ಒಂದು ಕಪ್ಪು ಛಾಯೆಯ ಬೆಕ್ಕು ಅಲ್ಲಿ ಮಲಗಿ ಏಳುತ್ತದೆ. ಒಂದು ದಿನ ಪ್ರವಾಹ ಬರುತ್ತದೆ. ನೀರು ಏರುತ್ತಾ ಏರುತ್ತಾ ಮನೆ, ಮರ, ಬೃಹತ್ ಬೆಕ್ಕಿನ ಪ್ರತಿಮೆ ಎಲ್ಲ ಮುಳುಗುತ್ತದೆ. ತೇಲಿ ಬಂದ ಒಂದು ಹಾಯಿದೋಣಿಗೆ ಬೆಕ್ಕು ಹಾರುತ್ತದೆ. ಅದರಲ್ಲಿ ಆಗಲೇ ಒಂದು ಕ್ಯಾಪಿಬಾರಾ, ಅಂದರೆ ಇಲಿ ಜಾತಿಯ ದೊಡ್ಡ ಪ್ರಾಣಿ, ಇದೆ. ಆಮೇಲೆ ಕೋತಿಯಂಥ ಒಂದು ಲೀಮರ್, ಒಂದು ನಾಯಿ, ಉದ್ದ ಕಾಲಿನ ಒಂದು ಸೆಕ್ರೆಟರಿ ಹಕ್ಕಿ ಬಂದು ಸೇರುತ್ತವೆ.

ಇದನ್ನು ಮಾಡಿದ್ದು ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದದ್ದು. ಖರ್ಚು ಸುಮಾರು 35 ಲಕ್ಷ ಯೂರೋ, ದೊಡ್ಡ ಸ್ಟುಡಿಯೋಗಳ ಲೆಕ್ಕದಲ್ಲಿ ಏನೇನೂ ಅಲ್ಲ. 2025ರ ಮಾರ್ಚ್‌ನಲ್ಲಿ ಅದಕ್ಕೆ ಅತ್ಯುತ್ತಮ ಅನಿಮೇಷನ್ ಸಿನಿಮಾದ ಆಸ್ಕರ್ ಬಂತು. ಲಾತ್ವಿಯಾಗೆ ಅದೇ ಮೊದಲ ಆಸ್ಕರ್. ಝಿಲ್ಬಲೋಡಿಸ್ 2012ರಲ್ಲೇ ನೀರಿಗೆ ಹೆದರುವ ಬೆಕ್ಕಿನ ಬಗ್ಗೆ 'ಆಕ್ವಾ' ಅನ್ನುವ ಕಿರುಚಿತ್ರ ಮಾಡಿದ್ದರು. ಅಷ್ಟು ವರ್ಷ ಒಂದು ಬೆಕ್ಕನ್ನು ಮನಸ್ಸಲ್ಲಿ ಸಾಕಿಕೊಂಡವರ ಸಿನಿಮಾ ಇದು ಅಂತ ಪ್ರತಿ ಚೌಕಟ್ಟಿನಲ್ಲೂ ಗೊತ್ತಾಗುತ್ತದೆ.

ದನಿಗಳೂ ನಟರದ್ದಲ್ಲ, ನಿಜವಾದ ಪ್ರಾಣಿಗಳದ್ದೇ. ಬೆಕ್ಕಿನ ಕೂಗಿಗೆ ದನಿ ವಿನ್ಯಾಸ ಮಾಡಿದವರ ಮನೆಯ ಬೆಕ್ಕಿನ ದನಿಯನ್ನೇ ಹಿಡಿದರು. ಕ್ಯಾಪಿಬಾರಾದ ನಿಜವಾದ ಕೂಗು ಆ ಶಾಂತ ಪ್ರಾಣಿಗೆ ಹೊಂದಲಿಲ್ಲವಂತೆ, ಅದಕ್ಕೆ ಒಂಟೆಮರಿಯ ದನಿ ಹಾಕಿದರು. ಬೆಕ್ಕಿನ ಚಲನೆ ನೋಡಿ. ದೋಣಿಗೆ ಬಂದ ಹೊಸತರಲ್ಲಿ ಅದು ಒಂದು ತುದಿಯಲ್ಲಿ ಬೆನ್ನು ಬಾಗಿಸಿ, ಕಿವಿ ಹಿಂದಕ್ಕೆ ಮಡಚಿ, ಗುರ್ ಅನ್ನುತ್ತಾ ಕೂರುತ್ತದೆ. ಬರಬರುತ್ತಾ ಕಿವಿ ನೆಟ್ಟಗಾಗುತ್ತದೆ. ಆಮೇಲೆ ಕಾಲು ಮಡಚಿ ಕೂರುತ್ತದೆ. ಇನ್ನೊಂದಿಷ್ಟು ಹೊತ್ತಿಗೆ ಬೇರೆಯವರ ನಡುವೆ ನಿದ್ದೆ ಮಾಡುತ್ತದೆ. ನಂಬಿಕೆ ಹುಟ್ಟುವುದನ್ನು ಒಂದು ಮೈಯಲ್ಲಿ ಹೀಗೆ ಹಂತ ಹಂತವಾಗಿ ಓದಬಹುದು. ನೀರಿಗೆ ಹೆದರುತ್ತಿದ್ದ ಬೆಕ್ಕೇ ಕೊನೆಗೆ ಮುಳುಗಿ ಮೀನು ಹಿಡಿಯುತ್ತದೆ, ತಂದು ದೋಣಿಯಲ್ಲಿ ಎಲ್ಲರ ಮುಂದೆ ಹಾಕುತ್ತದೆ.

ಮಾತಿಲ್ಲದಿರುವುದರಿಂದ ಇನ್ನೊಂದು ದೊಡ್ಡ ಲಾಭ ಇದೆ. ಸಬ್‌ಟೈಟಲ್ ಓದೋಕೆ ಬಾರದ ಮಗು, ಕಣ್ಣು ಮಂಜಾದ ಅಜ್ಜಿ, ಬೇರೆ ಭಾಷೆಯ ನೆಂಟರು, ಯಾರೂ ಹಿಂದೆ ಬೀಳುವುದಿಲ್ಲ. ಎಲ್ಲರಿಗೂ ಒಂದೇ ಸಿನಿಮಾ ಸಿಗುತ್ತದೆ. ಮನೆಮಂದಿಯ ಸಿನಿಮಾ ಅನ್ನುವ ಹೆಸರಿಗೆ ಇದಕ್ಕಿಂತ ತಕ್ಕದ್ದು ನನಗೆ ಗೊತ್ತಿಲ್ಲ. ನಾಲ್ಕೈದು ವರ್ಷದ ಮಕ್ಕಳಿಗೆ ಪ್ರವಾಹದ ಕೆಲವು ಭಾಗ ಜಾಸ್ತಿ ಆಗಬಹುದು. ಪಕ್ಕದಲ್ಲೇ ಕೂತಿರಿ.

ಕಾರ್ಟೂನು ಬೇಡ, ನಿಜವಾದ ಬೆಕ್ಕೇ ಬೇಕು ಅನ್ನುವವರಿಗೆ 'ಕೆಡಿ' ಇದೆ. ಜೆಯ್ದಾ ಟೊರುನ್ ಮಾಡಿದ 2016ರ ಸಾಕ್ಷ್ಯಚಿತ್ರ, ಇಸ್ತಾಂಬುಲ್‌ನ ಬೀದಿ ಬೆಕ್ಕುಗಳ ಬಗ್ಗೆ. ಏಳು ಬೆಕ್ಕು, ಏಳು ಸ್ವಭಾವ. ಕ್ಯಾಮೆರಾ ನೆಲಕ್ಕೆ ಹತ್ತಿರ, ಬೆಕ್ಕಿನ ಎತ್ತರದಲ್ಲಿ ಓಡುತ್ತದೆ. ಜನರ ಕಾಲು, ಕುರ್ಚಿಯ ಅಡಿ, ಗೋಡೆಯ ತೂತು, ಇವೇ ನಮಗೆ ಕಾಣುವ ಊರು. ದುಮಾನ್ ಅನ್ನುವ ಬೆಕ್ಕು ಒಂದು ಒಳ್ಳೆಯ ತಿಂಡಿ ಅಂಗಡಿಯ ಹೊರಗೆ ಬರುತ್ತದೆ. ಒಳಗೆ ನುಗ್ಗುವುದಿಲ್ಲ. ಹಸಿವಾದರೆ ಕಿಟಕಿಯ ಗಾಜನ್ನು ಎರಡೂ ಮುಂಗಾಲಿನಿಂದ ಕೆರೆಯುತ್ತದೆ. ಒಳಗಿನವರು ತಂದು ಕೊಡುತ್ತಾರೆ. ಯಾರೂ ಆ ಬೆಕ್ಕುಗಳ ಒಡೆಯರಲ್ಲ, ಆದರೆ ನೋಡಿಕೊಳ್ಳುವವರು ಬೇಕಾದಷ್ಟು ಜನ. ಹಳೆಯ ಬೀದಿಗಳು ಹೋಗಿ ಎತ್ತರದ ಕಟ್ಟಡ ಬಂದರೆ ಇವುಗಳ ಗತಿ ಏನು ಅಂತ ಅವರು ಚಿಂತೆ ಮಾಡುತ್ತಾರೆ. ಹತ್ತು ವರ್ಷ ದಾಟಿದ ಮಕ್ಕಳಿಗೆ ಈ ಭಾಗ ತುಂಬ ನಾಟುತ್ತದೆ.

ಲಂಡನ್ನಿನ ಬಾಬ್ ಅನ್ನುವ ಬೆಕ್ಕಿನ ನಿಜ ಕಥೆ 'ಎ ಸ್ಟ್ರೀಟ್ ಕ್ಯಾಟ್ ನೇಮ್ಡ್ ಬಾಬ್' ಬಂದದ್ದೂ 2016ರಲ್ಲೇ. ಅದರಲ್ಲಿ ಹಲವು ದೃಶ್ಯಗಳಲ್ಲಿ ಬಾಬ್ ತಾನೇ ತನ್ನ ಪಾತ್ರ ಮಾಡಿದೆ. ಮಾದಕ ವಸ್ತುವಿನ ಚಟದಿಂದ ಹೊರಬರುವ ಯುವಕನ ಕಥೆ ಆದ್ದರಿಂದ ಅದನ್ನು ಹದಿಹರೆಯದವರಿಗೆ ಇಡಿ.

ಎಲ್ಲಿಂದ ಶುರುಮಾಡಲಿ ಅಂತ ಕೇಳುವವರಿಗೆ ನನ್ನ ಉತ್ತರ ಹೀಗಿದೆ. ತೀರ ಸಣ್ಣವರಿದ್ದರೆ 'ಮೈ ನೇಬರ್ ಟೊಟೊರೊ' (1988). ಅದರಲ್ಲಿ ಬೆಕ್ಕು ಬರೋದು ಸ್ವಲ್ಪ ಹೊತ್ತು ಮಾತ್ರ, ಆದರೆ ಅದು ಹನ್ನೆರಡು ಕಾಲಿನ, ಒಳಗೆ ಕೂರಬಹುದಾದ ಬೆಕ್ಕು-ಬಸ್ಸು! ಶಾಲೆಗೆ ಹೋಗುವವರಿಗೆ ಕೀಕೀ, ಮೂಲ ಜಪಾನಿ ದನಿಯಲ್ಲಿ. ಮನೆಯವರೆಲ್ಲ ಸೇರಿದ ದಿನ ಫ್ಲೋ. ಥಾಮಸಿನಾ ಮಾತ್ರ ಮಕ್ಕಳಿಗೆ ಹಾಕಿಕೊಟ್ಟು ಎದ್ದು ಹೋಗಬೇಡಿ. ಮೆರವಣಿಗೆಯ ದೃಶ್ಯ ಮುಗಿಯುವ ತನಕ ನೀವೂ ಅಲ್ಲೇ ಇರಿ.